ಕೇಳಲು ಅಂಜಿದವರು: ದೈವಶಾಸ್ತ್ರದ ತರಗತಿಯಲ್ಲಿ ಮಾತು ಮತ್ತು ಮೌನ

ಮಾರ್ಕನ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಎರಡು ಮೌನಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಗಲಿಲೇಯದ ಹಾದಿಯಲ್ಲಿ ಯೇಸುಸ್ವಾಮಿ ತಮ್ಮ ಮರಣ ಮತ್ತು ಪುನರುತ್ಥಾನವನ್ನು ಕುರಿತು ಬೋಧಿಸುತ್ತಾರೆ. ಶಿಷ್ಯರಿಗೆ ಅದು ಅರ್ಥವಾಗುವುದಿಲ್ಲ. ಆದರೂ ಕೇಳಲು ಅಂಜುತ್ತಾರೆ. ಕಫೆರ್ನವುಮಿನಲ್ಲಿ ಮನೆ ಸೇರಿದ ಬಳಿಕ ಗುರುಗಳೇ ಪ್ರಶ್ನಿಸುತ್ತಾರೆ: ದಾರಿಯುದ್ದಕ್ಕೂ ಏನನ್ನು ಚರ್ಚಿಸುತ್ತಿದ್ದಿರಿ? ಆಗಲೂ ಅವರು ಸುಮ್ಮನಿರುತ್ತಾರೆ. ಏಕೆಂದರೆ ಅವರು ಚರ್ಚಿಸಿದ್ದು ತಮ್ಮಲ್ಲಿ ಯಾರು ಹೆಚ್ಚಿನವರು ಎಂಬುದನ್ನು. ಮೊದಲನೆಯದು ಅರಿಯದವನ ಅಂಜಿಕೆ, ಎರಡನೆಯದು ಸಿಕ್ಕಿಬಿದ್ದವನ ನಾಚಿಕೆ. ಇವೆರಡರ ನಡುವೆ ಅವರು ಮೂಕರಾಗಿಯೇನೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಗುರುಗಳ ಮುಂದೆ ತುಟಿ ಬಿಚ್ಚದವರು ಗುರುಗಳ ಬೆನ್ನ ಹಿಂದೆ ಸಾಕಷ್ಟು ವಾಚಾಳಿಗಳಾಗಿದ್ದರು.

ಗುರುಮಠದಲ್ಲಿ ಪಾಠ ಹೇಳುವ ಯಾರಿಗೂ ಈ ಚಿತ್ರ ಅಪರಿಚಿತವಲ್ಲ. ತರಗತಿಯಲ್ಲಿ ಪ್ರಶ್ನೆ ಹಾಕಿದರೆ ಫ್ಯಾನಿನ ಸದ್ದೊಂದೇ ಕೇಳಿಸುತ್ತದೆ. ಗಂಟೆ ಬಾರಿಸಿ ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಮೊಗಸಾಲೆಯಲ್ಲಿ ಅದೇ ವಿಷಯದ ಮೇಲೆ ಬಿಸಿಬಿಸಿ ವಾದ ಎದ್ದಿರುತ್ತದೆ. ಈ ಬರಹದ ವಿಷಯ ಆ ಹತ್ತು ಹೆಜ್ಜೆಗಳ ಅಂತರ.

ನನ್ನದೇ ತಪ್ಪಿನಿಂದ ಆರಂಭಿಸುವುದು ನ್ಯಾಯ. ದೈವಾನುಗ್ರಹದ ಪಾಠ ಮಾಡುತ್ತಿದ್ದ ಒಂದು ವರ್ಷ, ವಿದ್ಯಾರ್ಥಿಗಳನ್ನು ಮಾತಿಗೆಳೆಯಬೇಕೆಂಬ ಹಂಬಲದಿಂದ ಚರ್ಚೆಯಲ್ಲಿ ಭಾಗವಹಿಸುವುದಕ್ಕೆ ಹತ್ತು ಅಂಕಗಳನ್ನು ಮೀಸಲಿಟ್ಟೆ. ಮರುವಾರದಿಂದಲೇ ಮಾತು ಹೆಚ್ಚಿತು, ಚರ್ಚೆ ಹೆಚ್ಚಲಿಲ್ಲ. ಪಠ್ಯದಲ್ಲಿದ್ದುದನ್ನೇ ಪ್ರಶ್ನೆಯ ರೂಪದಲ್ಲಿ ಕೇಳುವುದು, ಹಿಂದಿನವನು ಹೇಳಿದ್ದನ್ನೇ ಬೇರೆ ಪದಗಳಲ್ಲಿ ಹೇಳುವುದು, ಒಬ್ಬನ ಮಾತನ್ನು ಇನ್ನೊಬ್ಬನು ಕೇಳಿಸಿಕೊಳ್ಳದೆ ತನ್ನ ಸರದಿಗಾಗಿ ಕೈ ಎತ್ತುವುದು, ಇವೇ ನಡೆದವು. ಬೆಳ್ತಂಗಡಿ ತಾಲ್ಲೂಕಿನ ಘಟ್ಟದ ಬುಡದ ಹಳ್ಳಿಯೊಂದರಿಂದ ಬಂದ ಒಬ್ಬ ಸಹೋದರ ಮಾತ್ರ ಅರ್ಧ ವರ್ಷವೂ ಒಂದು ಮಾತನ್ನೂ ಆಡಲಿಲ್ಲ. ಆತನಿಗೆ ಹತ್ತರಲ್ಲಿ ಎರಡು ಅಂಕ ಕೊಟ್ಟೆ. ಆ ಎರಡು ಕೂಡ ಹಾಜರಾತಿಗೆ. ಅವಧಿಯ ಕೊನೆಗೆ ಆತ ಒಪ್ಪಿಸಿದ ಪ್ರಬಂಧವನ್ನು ಒಂದು ರಾತ್ರಿ ಓದಿದೆ. ಸೊನ್ನೆ ಸಂಬಳಕ್ಕೆ ದುಡಿಯುವ ತನ್ನ ತಾಯಿಯ ಮನೆಗೆಲಸವನ್ನು ಮುಂದಿಟ್ಟುಕೊಂಡು, ಪ್ರತಿಫಲದ ಲೆಕ್ಕವಿಲ್ಲದ ಪ್ರೀತಿಯೆಂದರೇನು, ಅದಕ್ಕೆ ಪ್ರತಿಯಾಗಿ ನಾವು ಮಾಡುವ ಸತ್ಕಾರ್ಯವನ್ನು ಪುಣ್ಯವೆಂದು ಕರೆಯುವುದರ ಅರ್ಥವೇನು ಎಂದು ಅವನು ವಿಚಾರಿಸಿದ್ದ. ಆ ವರ್ಷ ತರಗತಿಯಲ್ಲಿ ಕೇಳಿಬಂದ ಎಲ್ಲ ಮಾತಿಗಿಂತಲೂ ಅದು ಮೇಲಾಗಿತ್ತು. ಅವನು ನನ್ನ ಪಾಠವನ್ನು ಬಿಟ್ಟೂಬಿಡದೆ ಕೇಳಿದ್ದ. ಕೇಳಿಸಿಕೊಳ್ಳದೆ ಇದ್ದವನು ನಾನು.

ಅವನನ್ನು ಕರೆದು, ಇದನ್ನು ತರಗತಿಯಲ್ಲಿ ಏಕೆ ಹೇಳಲಿಲ್ಲವೆಂದು ಕೇಳಿದೆ. "ಫಾದರ್, ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಳ್ಳುವಷ್ಟರಲ್ಲಿ ತಾವು ಮುಂದಿನ ಪುಟಕ್ಕೆ ಹೋಗಿರುತ್ತಿದ್ದಿರಿ" ಎಂದ. ದೂರಿನ ಧ್ವನಿಯಲ್ಲ, ಬಸ್ಸು ತಪ್ಪಿದ ಸಂಗತಿಯನ್ನು ಹೇಳುವಂತೆ ಹೇಳಿದ.

ಈ "ಜೋಡಿಸಿಕೊಳ್ಳುವ" ಕೆಲಸ ಎಂಥದೆಂದು ನಮ್ಮ ಜಿಲ್ಲೆಯನ್ನು ಬಲ್ಲವರು ಊಹಿಸಬಲ್ಲರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಿಂದ ಗುರುಮಠಕ್ಕೆ ಬರುವ ಹುಡುಗನ ಮನೆಮಾತು ಬಹುಪಾಲು ಕೊಂಕಣಿ. ಬೆಳ್ತಂಗಡಿಯ ಪೂರ್ವದ ಇಳಿಜಾರುಗಳಲ್ಲಿ ರಬ್ಬರು ಬೆಳೆಯುವ ಮನೆಗಳಲ್ಲಾದರೆ ಮಲಯಾಳ. 1999ರಲ್ಲಿ ಬೆಳ್ತಂಗಡಿ ಸಿರೋ ಮಲಬಾರ್ ಧರ್ಮಪ್ರಾಂತವು ಸ್ಥಾಪನೆಯಾದುದು ಈ ವಲಸೆಯ ಕುಟುಂಬಗಳ ಸಂಖ್ಯೆ ಬೆಳೆದುದರಿಂದಲೇ. ಗದ್ದೆ, ಪೇಟೆ, ಆಟದ ಬಯಲುಗಳಲ್ಲಿ ಅವನು ಆಡುವುದು ತುಳು. ಶಾಲೆಯಲ್ಲಿ ಕಲಿತದ್ದು ಕನ್ನಡ. ದೈವಶಾಸ್ತ್ರವನ್ನು ಓದುವುದು ಇಂಗ್ಲಿಷಿನಲ್ಲಿ. ಒಂದು ಸಂದೇಹ ಅವನಲ್ಲಿ ಹುಟ್ಟುವುದು ಮನೆಮಾತಿನಲ್ಲಿ. ಅದು ತುಟಿಗೆ ಬರುವ ಮುನ್ನ ಎರಡು ಮೂರು ಮೆಟ್ಟಿಲು ಹತ್ತಬೇಕು. ಹತ್ತುವಾಗ ಕಾಲು ಜಾರಿದರೆ ಪಕ್ಕದವನು ನಗುತ್ತಾನೆಂಬ ಭಯ ಬೇರೆ.

ಕರಾವಳಿಯ ಕ್ರೈಸ್ತ ವಿದ್ಯಾಭ್ಯಾಸದಲ್ಲಿ ಇದು ಹೊಸ ತೊಡಕಲ್ಲ. ಜೆಪ್ಪುವಿನ ಸಂತ ಜೋಸೆಫರ ಗುರುಮಠವನ್ನು 1879ರಲ್ಲಿ ಯೇಸುಸಭೆಯವರು ಆರಂಭಿಸಿದರು. ಆಗಿನ ಕಾಲದಲ್ಲಿ ಎಲ್ಲೆಡೆಯೂ ಇದ್ದಂತೆ ಶಾಸ್ತ್ರದ ಭಾಷೆ ಲತೀನ್ ಆಗಿತ್ತು. ಗದ್ದೆಯ ಕೆಸರಿನಿಂದ ಬಂದ ಹುಡುಗನು ಮೂರು ದೈವಿಕ ವ್ಯಕ್ತಿಗಳ ಸಂಬಂಧವನ್ನು ಲತೀನಿನಲ್ಲಿ ವಾದಿಸಬೇಕಿತ್ತು. ಆದರೆ ಅದೇ ಪೀಳಿಗೆಯ ಮಿಷನರಿಗಳು ತಾವೇ ವಿದ್ಯಾರ್ಥಿಗಳಾಗಿ ಕುಳಿತುದನ್ನೂ ಮರೆಯಬಾರದು. ಇಟಲಿಯ ಯೇಸುಸಭೆಯ ಗುರು ಆಂಜೆಲೊ ಮಫೇಯಿ ಕೊಂಕಣಿ ವ್ಯಾಕರಣವನ್ನು 1882ರಲ್ಲಿ, ಇಂಗ್ಲಿಷ್-ಕೊಂಕಣಿ ನಿಘಂಟನ್ನು 1883ರಲ್ಲಿ ಹೊರತಂದರು. ಬಾಸೆಲ್ ಮಿಷನ್ನಿನ ಮೆನ್ನರ್ ಅವರ ತುಳು ನಿಘಂಟು 1886ರಲ್ಲಿ, ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದವು. ಹನ್ನೆರಡು ವರ್ಷಗಳ ಅವಧಿಯಲ್ಲಿ, ಮಂಗಳೂರಿನ ಒಂದೇ ಮುದ್ರಣಾಲಯದಿಂದ, ನಮ್ಮ ಹುಡುಗನು ಇಂದಿಗೂ ಆಡುವ ಮೂರು ಭಾಷೆಗಳ ಪದಸಂಪತ್ತು ಹೊರಬಂತು. ಇಷ್ಟು ಪದಗಳನ್ನು ಸಂಗ್ರಹಿಸಿದವರು ಮೊದಲು ಎಷ್ಟು ಕಾಲ ಸುಮ್ಮನೆ ಕುಳಿತು ಊರವರ ಮಾತನ್ನು ಆಲಿಸಿರಬೇಕು!

ಭಾಷೆಯೊಂದೇ ಕಾರಣವಲ್ಲ. ಹಿರಿಯರ ಮುಂದೆ ಹೇಗಿರಬೇಕೆಂಬ ಪಾಠವನ್ನು ನಮ್ಮ ಮಕ್ಕಳು ಎಲ್ಲ ಭಾಷೆಗಳಲ್ಲೂ ಕಲಿತಿರುತ್ತಾರೆ: ಕೊಂಕಣಿಯಲ್ಲಿ "ವೊಗೊ ರಾವ್", ತುಳುವಿನಲ್ಲಿ "ಮನಿಪಂದೆ ಕುಲ್ಲು", ಮಲಯಾಳದಲ್ಲಿ "ಮಿಂಡಾದಿರಿ", ಕನ್ನಡದಲ್ಲಿ "ಸುಮ್ಮನಿರು". ಮನೆಗೆ ಪಾದ್ರಿಗಳು ಬಂದಾಗಲಂತೂ ಈ ಆಜ್ಞೆ ಎರಡು ಬಾರಿ ಆಗುತ್ತದೆ. ಅಂಥ ಮನೆಯಿಂದ ಬಂದವನಿಗೆ ತರಗತಿಯ ಎದುರು ನಿಂತಿರುವವರು ಅಧ್ಯಾಪಕರಷ್ಟೇ ಅಲ್ಲ; ಪಾದ್ರಿಗಳು, ಜತೆಗೆ ವರ್ಷದ ಕೊನೆಗೆ ತನ್ನ ಕರೆಯ ಬಗ್ಗೆ ಅಭಿಪ್ರಾಯ ಬರೆಯುವವರು. ಈ ಮೂರನೆಯದನ್ನು ನಾವು ಅಧ್ಯಾಪಕರು ಸುಲಭವಾಗಿ ಮರೆಯುತ್ತೇವೆ. ವಿದ್ಯಾರ್ಥಿ ಒಂದು ಗಳಿಗೆಯೂ ಮರೆಯುವುದಿಲ್ಲ. ಧರ್ಮಸಭೆಯ ಕಾನೂನಿನ 1051ನೆಯ ವಿಧಿಯಂತೆ, ದೀಕ್ಷೆಗೆ ಮುನ್ನ ಅಭ್ಯರ್ಥಿಯ ಸಿದ್ಧಾಂತಶುದ್ಧಿ, ಭಕ್ತಿ, ನಡತೆ, ಸೇವಾಸಾಮರ್ಥ್ಯಗಳ ಬಗ್ಗೆ ಗುರುಮಠದ ಮುಖ್ಯಸ್ಥರು ಪ್ರಮಾಣಪತ್ರ ಕೊಡಬೇಕು. ತ್ರೈಯೇಕತ್ವದ ಬಗ್ಗೆ ತನಗೊಂದು ನಿಜವಾದ ಸಂಶಯವಿದೆಯೆಂದು ಎದ್ದು ಹೇಳಿದರೆ ಅದು "ಸಿದ್ಧಾಂತಶುದ್ಧಿ"ಯ ಖಾತೆಗೆ ಹೋದೀತೆಂದು ಒಬ್ಬನು ಲೆಕ್ಕ ಹಾಕಿದರೆ ಅವನನ್ನು ಹೇಡಿಯೆಂದು ಕರೆಯಲಾರೆ. ವಿಚಿತ್ರವೆಂದರೆ, ಎಷ್ಟೋ ವರದಿಗಳಲ್ಲಿ "ಶಾಂತ ಸ್ವಭಾವ, ವಿನಯವಂತ" ಎಂಬ ಎರಡು ಪದಗಳು ಜೋಡೆತ್ತಿನಂತೆ ಒಟ್ಟಿಗೇ ಸಾಗುತ್ತವೆ. ನಾನೂ ಬರೆದಿದ್ದೇನೆ. ಶಾಂತನು ವಿನಯವಂತನೇ ಆಗಿರಬೇಕೆಂದಿಲ್ಲ. ಪ್ರಶ್ನಿಸುವವನು ಅಹಂಕಾರಿಯಾಗಿರಬೇಕೆಂದೂ ಇಲ್ಲ.

ಹಾಗಾದರೆ ಮೌನವನ್ನು ಓದುವುದು ಹೇಗೆ? ಈ ವಿಷಯದಲ್ಲಿ ಸಂತ ಅಗಸ್ಟೀನರು ಸುಮಾರು 400ರಲ್ಲಿ ಬರೆದುದಕ್ಕಿಂತ ಉತ್ತಮವಾದುದನ್ನು ನಾನು ಓದಿಲ್ಲ. ಕಾರ್ಥೇಜಿನ ದೇವಗ್ರಾತಿಯಾಸನೆಂಬ ಸೇವಾದರ್ಶಿ, ಧರ್ಮೋಪದೇಶ ಮಾಡುವಾಗ ತನ್ನ ಮಾತು ತನಗೇ ಸಪ್ಪೆಯೆನಿಸುತ್ತದೆಂದು ಅವರಲ್ಲಿ ತೋಡಿಕೊಂಡಿದ್ದ. ಅವನಿಗೆ ಉತ್ತರವಾಗಿ ಬರೆದ ಪುಸ್ತಕದ ಒಂದು ಭಾಗದಲ್ಲಿ ಅಗಸ್ಟೀನರು, ಕೇಳುವವನು ಅಲುಗದೆ ಕುಳಿತಾಗ ಮಾತು ಮುಂದುವರಿಸುವುದೇ ಕಷ್ಟವೆಂದು ಒಪ್ಪಿಕೊಳ್ಳುತ್ತಾರೆ. ಬಳಿಕ ಆ ಅಲುಗದಿರುವಿಕೆಗೆ ಇರಬಹುದಾದ ಕಾರಣಗಳನ್ನು ಬೇರ್ಪಡಿಸುತ್ತಾರೆ. ದೈವಭಯದಿಂದ ತನ್ನ ಮೆಚ್ಚುಗೆಯನ್ನು ತೋರಲು ಅಂಜಿರಬಹುದು, ಮನುಷ್ಯಸಹಜವಾದ ಸಂಕೋಚ ತಡೆದಿರಬಹುದು, ಹೇಳಿದ್ದು ಅರ್ಥವಾಗದಿರಬಹುದು, ಅಥವಾ ಹೇಳಿದ್ದನ್ನು ಅವನು ತಿರಸ್ಕರಿಸುತ್ತಿರಬಹುದು. ಮುಖ ನೋಡಿ ಇವುಗಳಲ್ಲಿ ಯಾವುದೆಂದು ತಿಳಿಯುವುದಿಲ್ಲ, ಆದುದರಿಂದ ಒಂದೊಂದನ್ನೂ ಪರೀಕ್ಷಿಸಿ ನೋಡಬೇಕೆನ್ನುತ್ತಾರೆ: ಮೊದಲು ಭಯವನ್ನು ಹೋಗಲಾಡಿಸಬೇಕು, ಅರ್ಥವಾಯಿತೇ ಎಂದು ವಿಚಾರಿಸಬೇಕು, ಈ ಹಿಂದೆ ಇದನ್ನು ಕೇಳಿದ್ದಾನೆಯೇ ಎಂದು ತಿಳಿದುಕೊಳ್ಳಬೇಕು. ಕೊನೆಗೆ ಅವರು ಕೊಡುವ ಸಲಹೆ ನನಗೆ ಎಲ್ಲಕ್ಕಿಂತ ಪ್ರಿಯವಾದುದು. ನಿಂತು ನಿಂತು ದಣಿದಿರಬಹುದು, ಅವನಿಗೊಂದು ಆಸನ ಕೊಡಿ! ಆಗ ಆಫ್ರಿಕದ ದೇವಾಲಯಗಳಲ್ಲಿ ಜನರು ನಿಂತೇ ಕೇಳುವ ರೂಢಿಯಿತ್ತು. ಕಡಲಾಚೆಯ ಕೆಲವು ಧರ್ಮಸಭೆಗಳಲ್ಲಿ ಕುಳಿತು ಕೇಳುತ್ತಾರೆ, ಅದೇ ಲೇಸು ಎಂದು ಅವರು ನೆನಪಿಸುತ್ತಾರೆ. ಇಷ್ಟು ದೊಡ್ಡ ದೈವಶಾಸ್ತ್ರಜ್ಞರು ಮೌನದ ಕಾರಣಗಳಲ್ಲಿ ಕಾಲುನೋವನ್ನೂ ಎಣಿಸಿದರು. ಊಟವಾದ ಕೂಡಲೇ ಎರಡು ಗಂಟೆಯ ತರಗತಿಯಲ್ಲಿ, ಮೇ ತಿಂಗಳ ಸೆಕೆಯಲ್ಲಿ, "ಇವರಿಗೆ ಆಸಕ್ತಿಯೇ ಇಲ್ಲ" ಎಂದು ಗೊಣಗುವ ನಮಗೆ ಇದು ತಿಳಿದಿರಬೇಕು.

ಅಗಸ್ಟೀನರ ಪಟ್ಟಿಗೆ ನಮ್ಮ ನಾಡಿನ ಅನುಭವದಿಂದ ಒಂದನ್ನು ಸೇರಿಸಬಹುದು: ಮತ್ತೊಬ್ಬನ ಮೂಲಕ ಕೇಳಿಸುವವನ ಮೌನ. ಯೊವಾನ್ನನ ಶುಭಸಂದೇಶದ ಕಡೆಯ ಭೋಜನದಲ್ಲಿ, ದ್ರೋಹ ಬಗೆಯುವವನು ಯಾರೆಂದು ತಿಳಿಯಬೇಕಾದುದು ಪೇತ್ರನಿಗೆ. ಆದರೆ ಅವನು ತಾನು ಕೇಳದೆ ಪ್ರಭುವಿನ ಮಗ್ಗುಲಲ್ಲಿದ್ದ ಶಿಷ್ಯನಿಗೆ ಸನ್ನೆ ಮಾಡುತ್ತಾನೆ. ಬೇರೆ ಕಡೆಗಳಲ್ಲಿ ಎಲ್ಲರಿಗಿಂತ ಮುಂಚೆ ಬಾಯಿ ತೆರೆಯುವ ಪೇತ್ರ ಇಲ್ಲಿ ಹೀಗೇಕೆ? ವಿಷಯ ತೀರ ಹತ್ತಿರದ್ದಾದಾಗ ದಿಟ್ಟನೂ ಸನ್ನೆಗೆ ಇಳಿಯುತ್ತಾನೆ. ಶನಿವಾರ ಭಾನುವಾರಗಳಲ್ಲಿ ಮೂಡುಬಿದಿರೆ, ಬಂಟ್ವಾಳ ಕಡೆಯ ಧರ್ಮಕೇಂದ್ರಗಳಿಗೆ ಧರ್ಮೋಪದೇಶಕ್ಕೆ ಹೋಗುವ ನಮ್ಮ ಸಹೋದರರು ಇದನ್ನು ದಿನವೂ ಕಾಣುತ್ತಾರೆ. ಏಳನೆಯ ತರಗತಿಯ ಹುಡುಗಿಯ ಪ್ರಶ್ನೆ ಅವಳ ಬೆಂಚಿನ ಗೆಳತಿಯ ಬಾಯಿಂದ ಬರುತ್ತದೆ: "ಬ್ರದರ್, ಇವಳಿಗೆ ಒಂದು ಕೇಳ್ಲಿಕ್ಕುಂಟಂತೆ." ಹಾಗೆ ಬಂದ ಪ್ರಶ್ನೆಯನ್ನು ಹಾಗೆಯೇ ಸ್ವೀಕರಿಸುವುದು ಲೇಸು, "ಅವಳೇ ಕೇಳಲಿ" ಎಂದು ಹಟ ಹಿಡಿದರೆ ಪ್ರಶ್ನೆಯೂ ಹೋಗುತ್ತದೆ, ಹುಡುಗಿಯೂ ಮುಂದಿನ ವಾರ ಬರುವುದಿಲ್ಲ.

ಇನ್ನೊಂದು ಬಗೆಯ ಮೌನವಿದೆ, ಅದು ದೋಷವಲ್ಲ. ವ್ಯಾಟಿಕನ್ನಿನ ಎರಡನೆಯ ಮಹಾಸಭೆಯು 1963ರ ದೈವಾರಾಧನೆಯ ಸಂವಿಧಾನದಲ್ಲಿ ಜನರ ಪೂರ್ಣ, ಪ್ರಜ್ಞಾಪೂರ್ವಕ, ಸಕ್ರಿಯ ಭಾಗವಹಿಸುವಿಕೆಯನ್ನು ಬಯಸಿತು. ಆ ಮಾತು ನಮಗೆಲ್ಲ ಬಾಯಿಪಾಠ. ಅದೇ ದಸ್ತಾವೇಜಿನ ಮೂವತ್ತನೆಯ ಪರಿಚ್ಛೇದದಲ್ಲಿ ಈ ಭಾಗವಹಿಸುವಿಕೆಯ ರೂಪಗಳನ್ನು ಎಣಿಸುವಾಗ, ಘೋಷಣೆ, ಪ್ರತ್ಯುತ್ತರ, ಕೀರ್ತನೆ, ದೇಹದ ನಿಲುವುಗಳ ಜತೆಗೆ ತಕ್ಕ ಸಮಯದ ಪವಿತ್ರ ಮೌನವನ್ನೂ ಹೆಸರಿಸಲಾಗಿದೆ ಎಂಬುದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಅಂದರೆ ಆರಾಧನೆಯಲ್ಲಿ ಮೌನವು ಭಾಗವಹಿಸುವಿಕೆಗೆ ವಿರುದ್ಧವಲ್ಲ, ಅದರ ಒಂದು ಬಗೆ. ಆದರೆ ಆ ಮೌನಕ್ಕೆ ಎರಡು ಲಕ್ಷಣಗಳಿವೆ: ಅದು ಎಲ್ಲರದೂ ಆಗಿರುತ್ತದೆ, ಯಾಜಕನದೂ, ಮತ್ತು ಅದಕ್ಕೆ ಮುಂಚೆ ಮತ್ತು ಆಮೇಲೆ ಮಾತಿಗೆ ಸ್ಥಳವಿರುತ್ತದೆ. ತರಗತಿಯಲ್ಲಿ ಒಬ್ಬನು ಐವತ್ತು ನಿಮಿಷ ಮಾತನಾಡಿ ಉಳಿದವರು ಐವತ್ತು ನಿಮಿಷ ಸುಮ್ಮನಿದ್ದರೆ ಈ ಎರಡು ಲಕ್ಷಣಗಳೂ ಅಲ್ಲಿಲ್ಲ.

ಸಂತ ಬೆನೆಡಿಕ್ಟರ ನಿಯಮಾವಳಿಯಲ್ಲೂ ಇದೇ ಇಕ್ಕಟ್ಟು ಕಾಣುತ್ತದೆ. ಅದನ್ನು ಅವರು ಪರಿಹರಿಸದೆ ಹಾಗೆಯೇ ಬಿಟ್ಟಿದ್ದಾರೆ. ಆರನೆಯ ಅಧ್ಯಾಯದಲ್ಲಿ ಮಾತನಾಡಿ ಕಲಿಸುವುದು ಗುರುವಿಗೆ, ಸುಮ್ಮನಿದ್ದು ಆಲಿಸುವುದು ಶಿಷ್ಯನಿಗೆ ಸಲ್ಲುವುದೆಂದು ಹೇಳುತ್ತಾರೆ. ಮೂರನೆಯದರಲ್ಲಾದರೋ, ಮಠದ ಮುಖ್ಯ ವಿಷಯ ಬಂದಾಗ ಮಠಾಧಿಪತಿಯು ಎಲ್ಲರನ್ನೂ ಕರೆದು ಅಭಿಪ್ರಾಯ ಕೇಳಬೇಕೆಂದೂ, ಎಷ್ಟೋ ವೇಳೆ ಕಿರಿಯನಿಗೇ ಪ್ರಭುವು ಲೇಸಾದುದನ್ನು ತೋರುವನೆಂದೂ ಬರೆಯುತ್ತಾರೆ. ಗುರುಮಠಗಳು ಆರನೆಯ ಅಧ್ಯಾಯವನ್ನು ಶ್ರದ್ಧೆಯಿಂದ ಪಾಲಿಸಿವೆ.

ಸಂತ ತೋಮಸ್ ಅಕ್ವಿನಾಸರ ಪ್ರಸಂಗವನ್ನು ಪ್ರಾಧ್ಯಾಪಕರು ಬಲು ಪ್ರೀತಿಯಿಂದ ಹೇಳುತ್ತಾರೆ. ಕಲೋನಿನಲ್ಲಿ ಮಹಾ ಆಲ್ಬರ್ಟರ ಶಿಷ್ಯನಾಗಿದ್ದಾಗ ಸಹಪಾಠಿಗಳು ಅವನನ್ನು ಮೂಕ ಎತ್ತೆಂದು ಹಾಸ್ಯ ಮಾಡುತ್ತಿದ್ದರು. ಈ ಎತ್ತಿನ ಕೂಗು ಲೋಕವನ್ನೆಲ್ಲ ತುಂಬುವುದೆಂದು ಆಲ್ಬರ್ಟರು ನುಡಿದರು. ಕತೆಯ ನಡುವಿನ ಭಾಗವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಪಾಪವೆನಿಸಿ ಸಹಪಾಠಿಯೊಬ್ಬನು ತೋಮಸನಿಗೆ ಪಾಠ ಹೇಳಿಕೊಡಲು ಬಂದು, ನಡುವೆ ತಾನೇ ತಡವರಿಸಿದಾಗ ತೋಮಸನು ಅದನ್ನು ವಿವರಿಸಿದ. ತೋಮಸನು ಬರೆದಿಟ್ಟುಕೊಂಡ ಟಿಪ್ಪಣಿಯೊಂದು ಆಲ್ಬರ್ಟರ ಕೈಸೇರಿತು. ಮರುದಿನದ ವಾದಸಭೆಗೆ ಸಿದ್ಧನಾಗಿ ಬರಬೇಕೆಂದು ಅವರು ಮೊದಲೇ ತಿಳಿಸಿದರು. ಆ ಕೂಗಿಗೆ ಮೊದಲು ಒಬ್ಬ ಗೆಳೆಯ, ಒಂದು ಬರಹ, ಒಂದು ರಾತ್ರಿಯ ಕಾಲಾವಕಾಶ ಇದ್ದವು.

ಆ ಕಾಲದ ವಿದ್ಯಾಪೀಠಗಳ ವಾದಸಭೆಯ ಕ್ರಮವನ್ನೂ ಇಲ್ಲಿ ನೆನೆಯಬೇಕು. ಗುರು ಪ್ರಶ್ನೆಯನ್ನು ಪ್ರಕಟಿಸುವನು. ಆಕ್ಷೇಪಗಳು ಸಭೆಯಿಂದ ಬರುವವು. ಅವಕ್ಕೆ ಮೊದಲು ಉತ್ತರಿಸಬೇಕಾದವನು ಕಿರಿಯ ವಿದ್ವಾಂಸ. ಗುರುವಿನ ನಿರ್ಣಯ ಕೊನೆಗೆ, ಎಷ್ಟೋ ವೇಳೆ ಇನ್ನೊಂದು ದಿನ. "ಸುಮ್ಮಾ"ದ ಪ್ರತಿಯೊಂದು ಪ್ರಕರಣವೂ ವಿರೋಧಿಯ ಮಾತಿನಿಂದ ಆರಂಭವಾಗುವುದು ಈ ಅಭ್ಯಾಸದ ಗುರುತು. ನಾವು "ಸುಮ್ಮಾ"ವನ್ನು ಕಲಿಸುವಾಗ ಆಕ್ಷೇಪಗಳನ್ನು ಹಾರಿಸಿ ನೇರವಾಗಿ ಉತ್ತರಕ್ಕೆ ಹೋಗುತ್ತೇವೆ. ಸಮಯ ಉಳಿಯುತ್ತದೆ, ನಿಜ.

ಈ ವಾದಸಭೆಗೆ ಅತಿ ಸಮೀಪದ ವಸ್ತುವನ್ನು ಹುಡುಕಿಕೊಂಡು ಪ್ಯಾರಿಸಿಗೆ ಹೋಗಬೇಕಾಗಿಲ್ಲ. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲವಿಡೀ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಳ್ಳಿಗಳಲ್ಲಿ ತಾಳಮದ್ದಳೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಪಂಚೆ ಉಟ್ಟು ಶಾಲು ಹೊದ್ದು ಕುಳಿತ ಅರ್ಥಧಾರಿಗಳು ಆ ಪದ್ಯವನ್ನು ಆಶ್ರಯಿಸಿ, ಬರೆದಿಟ್ಟ ಒಂದು ಸಾಲೂ ಇಲ್ಲದೆ, ಗಂಟೆಗಟ್ಟಲೆ ವಾದಿಸುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥವನ್ನು ಕೇಳಲು ಜನರು ಮಳೆಯಲ್ಲಿ ಮೈಲುಗಟ್ಟಲೆ ನಡೆದುಬರುತ್ತಿದ್ದ ನಾಡಿದು. ಕ್ರೈಸ್ತ ಮನೆಗಳ ಹುಡುಗರೂ ಅಂಗಳದ ಅಂಚಿನಲ್ಲಿ ನಿಂತು ಇದನ್ನು ಕೇಳಿಯೇ ಬೆಳೆದಿದ್ದಾರೆ. ಇಂಥ ಊರಿನಿಂದ ಬಂದವರು ಮಾತು ಬಾರದವರೆಂದರೆ ನಾನು ನಂಬಲಾರೆ.

"ವಾಲಿವಧೆ"ಯ ಪ್ರಸಂಗದಲ್ಲಿ ಬಾಣ ತಾಗಿ ಬಿದ್ದ ವಾಲಿಯು ರಾಮನನ್ನೇ ಪ್ರಶ್ನಿಸುತ್ತಾನೆ: ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ? ಕೇಳುವ ಸಭೆ ರಾಮನನ್ನು ಪೂಜಿಸುವ ಸಭೆ. ಆದರೂ ವಾಲಿಯ ಪಾತ್ರಧಾರಿ ಎಷ್ಟು ಕಟುವಾಗಿ ಕೇಳಿದರೆ ಅಷ್ಟು ಮೆಚ್ಚುಗೆ. ಯಾರೂ ಅವನನ್ನು ನಾಸ್ತಿಕನೆನ್ನುವುದಿಲ್ಲ. ರಾಮನ ಅರ್ಥ ಹೇಳುವವನೂ ಸಿಟ್ಟಾಗುವುದಿಲ್ಲ, ಏಕೆಂದರೆ ವಾಲಿಯ ಪ್ರಶ್ನೆ ಗಟ್ಟಿಯಾದಷ್ಟೂ ತನ್ನ ಉತ್ತರಕ್ಕೆ ಆಳ ಬರುತ್ತದೆಂದು ಅವನಿಗೆ ಗೊತ್ತು. ಪಾತ್ರವು ಮಾತನಾಡುವವನಿಗೆ ಒಂದು ಕೊಡೆಯಾಗುತ್ತದೆ: ಪ್ರಶ್ನೆ ವಾಲಿಯದು, ತನ್ನದಲ್ಲ. ಯೋಬನ ಗ್ರಂಥವನ್ನು ಬಲ್ಲ ನಮಗೆ ಇದು ಅಪರಿಚಿತವಾಗಬಾರದು. ಅಲ್ಲಿ ಎಲೀಹುವೆಂಬ ಕಿರಿಯನು ಹಿರಿಯರ ಮುಂದೆ ಬಹಳ ಹೊತ್ತು ಬಾಯಿ ಕಟ್ಟಿಕೊಂಡು ಕುಳಿತು, ಕಡೆಗೆ ಗಾಳಿ ಸೇರದ ಹೊಸ ದ್ರಾಕ್ಷಾರಸದ ಬುದ್ದಲಿಯಂತೆ ಒಡೆದುಹೋಗುವೆನೆಂದು ಹೇಳಿ ಮಾತು ಆರಂಭಿಸುತ್ತಾನೆ. ಗ್ರಂಥದ ಕೊನೆಗೆ ದೇವರು ಮೂವರು ಹಿರಿಯರನ್ನು ಖಂಡಿಸುತ್ತಾರೆ. ಎಲೀಹುವಿನ ಬಗ್ಗೆ ಒಂದು ಮಾತೂ ಇಲ್ಲ. ಅದು ಒಪ್ಪಿಗೆಯೋ ಅಲ್ಲವೋ, ವ್ಯಾಖ್ಯಾನಕಾರರು ಇಂದಿಗೂ ಜಗಳಾಡುತ್ತಾರೆ.

ಎರಡು ವರ್ಷಗಳ ಹಿಂದೆ ಕ್ರಿಸ್ತಶಾಸ್ತ್ರದ ತರಗತಿಯಲ್ಲಿ ಇದನ್ನು ಪ್ರಯೋಗಿಸಿ ನೋಡಿದೆ. ನಿಸೇಯ ಮಹಾಸಭೆಯ ವಿವಾದವನ್ನು ಪ್ರಸಂಗವಾಗಿ ಇಟ್ಟುಕೊಂಡು, ಅರಿಯುಸನ ಪಕ್ಷವನ್ನು ಮೂವರಿಗೆ, ಅಥನೇಸಿಯುಸನ ಪಕ್ಷವನ್ನು ಮೂವರಿಗೆ ಒಂದು ವಾರ ಮುಂಚಿತವಾಗಿ ಕೊಟ್ಟೆ. ಭಾಷೆ ಅವರವರ ಇಷ್ಟ. ಪೀಠಿಕೆಗೆ ಐದು ನಿಮಿಷ, ಬಳಿಕ ಸಂವಾದ, ನನ್ನ ಮಾತು ಮರುದಿನ. ಅರಿಯುಸನಾಗಿ ಕುಳಿತವನು ಅದುವರೆಗೆ ಬಾಯಿ ತೆರೆಯದಿದ್ದ ಬಂಟ್ವಾಳದ ಹುಡುಗ. ತುಳು ಬೆರೆತ ಕನ್ನಡದಲ್ಲಿ ಅವನು, ತಂದೆಗಿಂತ ಮಗ ಮುಂಚೆ ಹುಟ್ಟಲು ಸಾಧ್ಯವೇ ಎಂದು ಆರಂಭಿಸಿ, ಎದುರಿನವರನ್ನು ಇಪ್ಪತ್ತು ನಿಮಿಷ ಕಟ್ಟಿಹಾಕಿದ. ಅಥನೇಸಿಯುಸನ ಪಕ್ಷದವರು ಸೋತರೆಂದೇ ಹೇಳಬೇಕು. ನಾನು ಆ ರಾತ್ರಿ ಮರುದಿನದ ಪಾಠಕ್ಕೆ ಹಿಂದೆಂದೂ ಮಾಡದಷ್ಟು ಸಿದ್ಧತೆ ಮಾಡಬೇಕಾಯಿತು. ಎಲ್ಲವೂ ಸುಗಮವಾಗಿತ್ತೆಂದಲ್ಲ. ಇಬ್ಬರು ಇದನ್ನು ನಾಟಕವೆಂದು ಬಗೆದು ಪ್ರೇಕ್ಷಕರನ್ನು ನಗಿಸಲು ಹೊರಟರು. ಪಠ್ಯಕ್ರಮ ಒಂದು ವಾರ ಹಿಂದೆ ಬಿತ್ತು. ಮಲಯಾಳದ ಮನೆಯವನೊಬ್ಬ ತುಳುವಿನ ಚಟಾಕಿಗಳು ತನಗೆ ಅರ್ಥವಾಗಲಿಲ್ಲವೆಂದು ದೂರಿದ. ಅದು ಸರಿಯಾದ ದೂರು.

ದಿನನಿತ್ಯದ ತರಗತಿಗೆ ಇಷ್ಟು ದೊಡ್ಡ ಏರ್ಪಾಡು ಬೇಕಿಲ್ಲ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳನ್ನು ಧ್ವನಿಮುದ್ರಿಸಿ ಅಳೆದು ನೋಡಿದರು. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯುವುದು ಸರಾಸರಿ ಸುಮಾರು 1 ಸೆಕೆಂಡು. ಅದನ್ನು 3 ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ಉದ್ದವಾದವು, ಉತ್ತರಿಸದೆ ಉಳಿಯುವವರು ಕಡಿಮೆಯಾದರು, ಹಿಂದುಳಿದವರೆಂದು ಎಣಿಸಲಾದ ಮಕ್ಕಳೂ ಮಾತನಾಡಿದರು. ಇದನ್ನು ಓದಿದ ಮೇಲೆ ಸಹೋದ್ಯೋಗಿ ಗುರುಗಳೊಬ್ಬರನ್ನು ನನ್ನ ತರಗತಿಯ ಹಿಂದಿನ ಸಾಲಿನಲ್ಲಿ ಕೂರಿಸಿದೆ. ನಾನು ಕೇಳಿದ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ನಾನೇ ಉತ್ತರಿಸಿದ್ದೇನೆಂದು ಅವರು ನಗುತ್ತಾ ತಿಳಿಸಿದರು. ಮೂರು ಸೆಕೆಂಡು ಅಲ್ಪವೆಂದು ತೋರುತ್ತದೆ. ಎದುರು ನಿಂತು ಕಾದು ನೋಡಿದವರಿಗೆ ಗೊತ್ತು, ಅದು ಎಷ್ಟು ಉದ್ದ. ಭಾಷೆಯ ಮೆಟ್ಟಿಲು ಹತ್ತುವವನಿಗೆ ಅದೂ ಸಾಲದು. ಈಗ ನಾನು ಮುಖ್ಯ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು, ಎರಡು ನಿಮಿಷ ಎಲ್ಲರೂ, ನಾನೂ ಸೇರಿ, ಯಾವ ಭಾಷೆಯಲ್ಲಾದರೂ ಚೀಟಿಯಲ್ಲಿ ಬರೆಯುವ ರೂಢಿ ಮಾಡಿದ್ದೇನೆ. ಆಮೇಲೆ ಪಕ್ಕದವನಿಗೆ ಹೇಳುವುದು, ಕೊನೆಗೆ ತರಗತಿಗೆ. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಅಧ್ಯಾಪಕರಾಗಿ, ಶಾಲೆಗಳ ಇನ್ಸ್‌ಪೆಕ್ಟರರಾಗಿ ಊರೂರು ತಿರುಗಿದವರು. ಮಗುವಿನ ನಾಲಗೆಗೆ ಹತ್ತುವ ಮಾತಿನಲ್ಲಿ ಬರೆದವರು. ಇನ್ಸ್‌ಪೆಕ್ಟರರ ಮುಂದೆ ಮಕ್ಕಳ ಬಾಯಿ ಬಿಡಿಸುವುದೆಂದರೆ ಆ ಕಾಲದಲ್ಲಿ ಸಾಮಾನ್ಯ ಸಂಗತಿಯಾಗಿರಲಾರದು.

ಅಧ್ಯಾಪನ ವಿಧಾನಗಳನ್ನು ಪರಿಷ್ಕರಿಸಬೇಕೆಂದು, ಉಪನ್ಯಾಸದ ಜತೆಗೆ ಚರ್ಚೆ, ಚಿಕ್ಕ ಗುಂಪುಗಳ ಅಧ್ಯಯನಗಳಿಗೆ ಎಡೆಕೊಡಬೇಕೆಂದು ಮಹಾಸಭೆಯು ಗುರುತರಬೇತಿಯ ಆಜ್ಞಾಪತ್ರದಲ್ಲಿ 1965ರಲ್ಲೇ ಹೇಳಿತು. 2023ರ ಅಕ್ಟೋಬರಿನ ಸಿನೋದಿನಲ್ಲಿ ಕಾರ್ಡಿನಲರು, ಧರ್ಮಾಧ್ಯಕ್ಷರು, ಧಾರ್ಮಿಕ ಭಗಿನಿಯರು, ಗೃಹಸ್ಥ ಕ್ರೈಸ್ತರು ದುಂಡು ಮೇಜುಗಳ ಸುತ್ತ ಕುಳಿತು, ಪ್ರತಿಯೊಬ್ಬರೂ ಸಮಾನ ಸಮಯ ಮಾತನಾಡಿ, ನಡುನಡುವೆ ಮೌನವಾಗಿದ್ದು, ಎರಡನೆಯ ಸುತ್ತಿನಲ್ಲಿ ತಮ್ಮದಲ್ಲ, ಇತರರಿಂದ ಕೇಳಿದ್ದರಲ್ಲಿ ಮನ ತಟ್ಟಿದ್ದನ್ನು ಹೇಳಬೇಕಿತ್ತು. ಈ ಎರಡನೆಯ ಸುತ್ತೇ ಕಠಿನವಾದುದು. ನಮ್ಮ ತರಗತಿಯಲ್ಲಿ ಇದನ್ನು ಮಾಡಿದಾಗ, ನಿರರ್ಗಳವಾಗಿ ಮಾತನಾಡುವವರೇ ತಡವರಿಸಿದರು. ಹಿಂದಿನವನು ಹೇಳಿದ್ದು ಅವರಿಗೆ ನೆನಪಿರಲಿಲ್ಲ. ಮೌನಿಗಳಿಗೆ ಎಲ್ಲವೂ ನೆನಪಿತ್ತು.

ಇದೆಲ್ಲ ತರಗತಿಯ ನಾಲ್ಕು ಗೋಡೆಗಳ ಒಳಗಿನ ವಿಷಯವೇನೂ ಅಲ್ಲ. ಹಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯಾಗಿದ್ದ ಒಬ್ಬ ಗುರುಗಳು ಈಗ ಒಂದು ಧರ್ಮಕೇಂದ್ರದ ಹೊಣೆ ಹೊತ್ತಿದ್ದಾರೆ. ಪಾಲನಾ ಪರಿಷತ್ತಿನ ಸಭೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಗುರ್ಕಾರರೂ ತಲೆಯಾಡಿಸಿ ಎದ್ದುಹೋಗುತ್ತಾರೆ, ಆಮೇಲೆ ದೇವಾಲಯದ ಗೇಟಿನ ಹೊರಗೆ ಎಲ್ಲರೂ ಮಾತನಾಡುತ್ತಾರೆ ಎಂದು ನೊಂದು ಹೇಳಿಕೊಂಡರು. ಪಾಲಕರಿಗೆ ತಮ್ಮ ಅಭಿಪ್ರಾಯ ತಿಳಿಸುವುದು ಕ್ರೈಸ್ತ ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಕರ್ತವ್ಯವೂ ಹೌದೆಂದು 212ನೆಯ ವಿಧಿ ಹೇಳುವುದನ್ನು ನಾನೇ ಅವರಿಗೆ ಕಲಿಸಿದ್ದೆ. ಹೇಗೆ ಕಲಿಸಿದ್ದೆ? ಉಕ್ತಲೇಖನದಲ್ಲಿ. ವಿಧಿಯನ್ನು ಓದಿದೆ, ಅವರು ಬರೆದುಕೊಂಡರು, ಪರೀಕ್ಷೆಯಲ್ಲಿ ಪೂರ್ಣಾಂಕ ಪಡೆದರು.

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಭದ್ರವಾಗಿದ್ದವು. ಭಕ್ತರು ದೂರದಿಂದ ಬಂದು ಅವುಗಳ ದರ್ಶನ ಪಡೆದು ಕೈಮುಗಿದು ಹೋಗುತ್ತಿದ್ದರು, ಓದುವವರು ಇರಲಿಲ್ಲ. ಬಹಳ ಯತ್ನದಿಂದ ನಕಲಾಗಿ, 1939ರಿಂದ ಅವು ಅಚ್ಚಾಗತೊಡಗಿದವು. ಕಾಪಾಡಿದವರ ಶ್ರದ್ಧೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆ ಶ್ರದ್ಧೆ ಇಲ್ಲದಿದ್ದರೆ ಓದಲು ಗರಿಗಳೇ ಉಳಿಯುತ್ತಿರಲಿಲ್ಲ. ವಿದ್ಯಾರ್ಥಿಗಳನ್ನು ಕರೆದುಕೊಂಡು ಅಲ್ಲಿಗೆ ಹೋದಾಗ ಒಬ್ಬನು, ಹಿಂತಿರುಗುವ ಬಸ್ಸಿನಲ್ಲಿ, ಹಿಂದಿನ ಸೀಟಿನಿಂದ ನನ್ನ ಬಳಿಗೆ ಬಂದು ಕುಳಿತ. ಬಹಳ ಹೊತ್ತು ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಬಳಿಕ, "ಫಾದರ್, ನನಗೆ ಒಂದು ವಿಷಯ ಎರಡು ವರ್ಷದಿಂದ ಅರ್ಥವಾಗಿಲ್ಲ" ಎಂದ.